ತಳದಲ್ಲಿ ತೂತಿರುವ ತಾಮ್ರದ ಬಟ್ಟಲು, ಮಸಿ ಬಳಿದ ಬಟ್ಟೆಯ ಪುಸ್ತಕ: ಇವೇನು?

ಈ ಸಲದ ಪತ್ರಗಳಲ್ಲಿ ಹಲವರು "ಇದೇನು?" ಎಂದು ಕೇಳುವ ಮೊದಲೇ "ಚೆನ್ನಾಗಿ ತಿಕ್ಕಿ ಇಟ್ಟಿದ್ದೇನೆ" ಎಂದು ಬರೆದಿದ್ದಾರೆ. ಹಳೇ ಸಾಮಾನಿನ ಗುರುತು ಹಿಡಿಯುವವರಿಗೆ ಇದಕ್ಕಿಂತ ದೊಡ್ಡ ತೊಂದರೆ ಇಲ್ಲ. ಕಿಲುಬು, ಜಿಡ್ಡು, ಮೂಲೆಯಲ್ಲಿ ಕೂತ ಬಣ್ಣ, ಸವೆದ ಜಾಗ ಇವೇ ನಮಗೆ ಸಿಗುವ ಸಾಕ್ಷಿ. ಉತ್ತರ ಬರುವವರೆಗೆ ಹುಣಸೆಹಣ್ಣು, ಬೂದಿ, ಮರಳುಕಾಗದ ಎಲ್ಲವನ್ನೂ ದೂರ ಇಡಿ.

ಪ್ರಶ್ನೆ: ಅಜ್ಜನ ಮನೆ ಪಾಲಾದಾಗ ದೇವರ ಪಾತ್ರೆಗಳ ಜೊತೆ ಅಂಗೈಯಗಲದ ತಾಮ್ರದ ಬಟ್ಟಲೊಂದು ನನಗೆ ಬಂತು. ತೀರಾ ತೆಳು, ಹಿಡಿ ಇಲ್ಲ, ನೇತುಹಾಕಲು ಬಳೆಯೂ ಇಲ್ಲ. ತಳದ ನಟ್ಟನಡುವೆ ಸೂಜಿ ಹೋಗುವಷ್ಟು ತೂತು. ನಮ್ಮತ್ತೆ "ಸವೆದು ತೂತಾಗಿದೆ, ಬೆಸುಗೆ ಹಾಕಿಸು" ಅನ್ನುತ್ತಾರೆ. ಅಮೆರಿಕದಲ್ಲಿರುವ ಮಗ ತನಗೆ ಬೇಕು ಅನ್ನುತ್ತಾನೆ. ಏನು ಮಾಡಲಿ? (ತೀರ್ಥಹಳ್ಳಿಯ ಓದುಗರು)

ಉತ್ತರ: ಬೆಸುಗೆ ಮಾತ್ರ ಹಾಕಿಸಬೇಡಿ. ಸವೆದು ಬಿದ್ದ ತೂತಿನ ಸುತ್ತ ಲೋಹ ತೆಳುವಾಗುತ್ತಾ ಬಂದಿರುತ್ತದೆ, ಅಂಚು ಹರಿದಿರುತ್ತದೆ. ನಿಮ್ಮ ಚಿತ್ರದಲ್ಲಿ ತೂತು ದುಂಡಗೆ, ಅಂಚು ನೀಟಾಗಿದೆ. ಬೇಕೆಂದೇ ಕೊರೆದದ್ದು. ಇದು ಗಳಿಗೆ ಬಟ್ಟಲು, ಅಂದರೆ ನಿಮ್ಮಜ್ಜನ ಮನೆಯ ಗಡಿಯಾರ.

ಹಂಡೆಯಲ್ಲಿ ನೀರು ತುಂಬಿ ಅದರ ಮೇಲೆ ಈ ಬಟ್ಟಲನ್ನು ತೇಲಿಬಿಡುತ್ತಿದ್ದರು. ತಳದ ತೂತಿನಿಂದ ನೀರು ಸಣ್ಣಗೆ ಒಳಗೇರಿ, ತುಂಬಿ, ಬಟ್ಟಲು ಮುಳುಗುತ್ತದೆ. ತೇಲಿಬಿಟ್ಟಾಗಿನಿಂದ ಮುಳುಗುವವರೆಗೆ ಒಂದು ಗಳಿಗೆ, ಈಗಿನ ಲೆಕ್ಕದಲ್ಲಿ 24 ನಿಮಿಷ. ಎರಡೂವರೆ ಗಳಿಗೆಗೆ ಒಂದು ಗಂಟೆ, 60 ಗಳಿಗೆಗೆ ಒಂದು ಹಗಲು ಒಂದು ರಾತ್ರಿ. ಸೂರ್ಯಸಿದ್ಧಾಂತದಲ್ಲೂ ಹೀಗೇ ಇದೆ: ತಳದಲ್ಲಿ ತೂತಿರುವ ತಾಮ್ರದ ಪಾತ್ರೆ, ನಿರ್ಮಲವಾದ ನೀರು, ದಿನಕ್ಕೆ 60 ಮುಳುಗು. ಮದುವೆ ಮನೆಯಲ್ಲಿ ಸೂರ್ಯೋದಯಕ್ಕೆ ಬಟ್ಟಲು ಬಿಟ್ಟು, ಮುಳುಗಿದ ಲೆಕ್ಕದಿಂದ ಮುಹೂರ್ತ ಹಿಡಿಯುತ್ತಿದ್ದರು. ಪಕ್ಕದಲ್ಲಿ ಕೂತವನು ತೂಕಡಿಸಿದರೆ ಮುಹೂರ್ತವೇ ತಪ್ಪಿತು, ಹಾಗಾಗಿ ಅದು ಸಣ್ಣ ಹುಡುಗರಿಗೆ ವಹಿಸುವ ಕೆಲಸವಾಗಿರಲಿಲ್ಲ.

ನನ್ನ ಮಾತನ್ನೇ ನಂಬಬೇಕಾಗಿಲ್ಲ. ಆಳವಾದ ಬಕೆಟ್ಟಿನಲ್ಲಿ ಸೋಸಿದ ನೀರು ತುಂಬಿ, ಅಲುಗಾಟ ನಿಂತ ಮೇಲೆ ಬಟ್ಟಲನ್ನು ಮೆಲ್ಲಗೆ ಬಿಟ್ಟು ಮೊಬೈಲಿನಲ್ಲಿ ಹೊತ್ತು ನೋಡಿ. 24 ನಿಮಿಷದ ಆಸುಪಾಸಿನಲ್ಲಿ ಮುಳುಗಿದರೆ ಸಂಶಯವೇ ಇಲ್ಲ. ತುಂಬಾ ಹೆಚ್ಚು ಹೊತ್ತು ಹಿಡಿದರೆ ತೂತಿನಲ್ಲಿ ಕಿಲುಬು ಕಟ್ಟಿರಬಹುದು. ಸೂಜಿಯಿಂದ ಕೆದಕಬೇಡಿ, ಕೂದಲೆಳೆಯಷ್ಟು ಅಗಲವಾದರೂ ಲೆಕ್ಕ ಕೆಡುತ್ತದೆ. ಹುಣಸೆಹಣ್ಣಿನ ಹುಳಿ ಪ್ರತಿ ಸಲವೂ ಒಂದಿಷ್ಟು ತಾಮ್ರವನ್ನು ತಿನ್ನುತ್ತದೆ. ತಲೆಮಾರುಗಟ್ಟಲೆ ತಿಕ್ಕಿಸಿಕೊಂಡ ಬಟ್ಟಲುಗಳು 24 ನಿಮಿಷಕ್ಕಿಂತ ಬೇಗ ಮುಳುಗಿದರೆ ಆಶ್ಚರ್ಯಪಡಬೇಕಿಲ್ಲ.

ಎರಡೇ ನಿಮಿಷಕ್ಕೆ ಮುಳುಗಿದರೆ? ಆಗ ಅದು ಧಾರಾಪಾತ್ರೆ ಇರಬಹುದು, ಲಿಂಗದ ಮೇಲೆ ಹನಿಹನಿಯಾಗಿ ಅಭಿಷೇಕದ ನೀರು ಬೀಳಲು ತೂಗುಹಾಕುವಂಥದ್ದು. ಆದರೆ ಅದಕ್ಕೆ ಸರಪಳಿ ಸಿಕ್ಕಿಸಲು ಅಂಚಿನಲ್ಲಿ ಬಳೆಯೋ ತೂತುಗಳೋ ಬೇಕು. ನಿಮ್ಮದರಲ್ಲಿ ಅವಿಲ್ಲ.

ಇನ್ನು ಮಗನ ವಿಚಾರ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಷ್ಟು ಹಳೆಯದಲ್ಲ ಎಂದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ 'ಪುರಾತನ ವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆಯಬಹುದು. ಸೂಟ್‌ಕೇಸಿನಲ್ಲಿ ಸೀರೆಯ ನಡುವೆ ಇಟ್ಟು ಕಳಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಅಟ್ಟದ ಪೆಟ್ಟಿಗೆಯಲ್ಲಿ ಕಪ್ಪಗೆ, ರಟ್ಟಿನಂತೆ ಗಡುಸಾದ ಉದ್ದನೆಯ ಬಟ್ಟೆ ಸಿಕ್ಕಿದೆ. ಹಿಂದೆ ಮುಂದೆ ಮಡಿಕೆ ಹಾಕಿ ಎರಡು ಮರದ ಹಲಗೆಗಳ ನಡುವೆ ಇಟ್ಟಿದ್ದಾರೆ. ಮಸಿ ಮೆತ್ತಿಕೊಂಡ ಹಾಗಿದೆ, ಅಲ್ಲಲ್ಲಿ ಬಿಳಿ ಗೀರು. ಒದ್ದೆಬಟ್ಟೆಯಲ್ಲಿ ಒರೆಸಿದರೆ ಸ್ವಚ್ಛ ಆಗಬಹುದೇ? (ಸಾಗರದ ಓದುಗರು)

ಉತ್ತರ: ಆಗುತ್ತದೆ, ಪೂರ್ತಿ ಸ್ವಚ್ಛ ಆಗುತ್ತದೆ! ಆಮೇಲೆ ಓದಲು ಏನೂ ಉಳಿಯುವುದಿಲ್ಲ. ಆ ಬಿಳಿ ಗೀರುಗಳು ಅಕ್ಷರಗಳು. ನಿಮಗೆ ಸಿಕ್ಕಿರುವುದು ಕಡತ.

ಹುಣಸೆಬೀಜವನ್ನು ಹುರಿದು ಅರೆದ ಅಂಟಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಯ ಎರಡೂ ಮೈಗೆ ಬಳಿದು ಒಣಗಿಸಿದರೆ ಕರಿಹಲಗೆಯಂಥ ಮೈ ಬರುತ್ತದೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು, ಮೈ ಸವೆದರೆ ಮತ್ತೆ ಬಳಿಯಬಹುದು. ಶಾನುಭೋಗರು, ಅಂಗಡಿಯವರು, ಮಠಗಳು ಲೆಕ್ಕಪತ್ರ ಇಡುತ್ತಿದ್ದದ್ದು ಇದರಲ್ಲೇ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇಂದಿಗೂ ಆಕರವಾಗಿ ಬಳಸುತ್ತಾರೆ.

ಗಟ್ಟಿಯಾದ ಮಡಿಕೆಗಳನ್ನು ಎಳೆದು ಬಿಡಿಸಬೇಡಿ, ಬಳಿದ ಪದರ ಬಿರುಕುಬಿಟ್ಟು ಉದುರುತ್ತದೆ. ತಾನಾಗಿ ತೆರೆಯುವಷ್ಟನ್ನು ತೆರೆದು, ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬೀಳುವಂತೆ ಮಾಡಿ ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ಎಷ್ಟೋ ಅಕ್ಷರ ಚಿತ್ರದಲ್ಲಿ ಎದ್ದು ಕಾಣುತ್ತವೆ. ಬರಹ ಕೂಡಿಸಿ ಬರೆದ ಮೋಡಿಯಾಗಿದ್ದರೆ ಓದಲು ಪಳಗಿದವರೇ ಬೇಕು. ಅಂಕಿಗಳನ್ನು ಮಾತ್ರ ನೀವೇ ಗಮನಿಸಬಹುದು. ರೂಪಾಯಿ, ಆಣೆ, ಪೈ ಕಂಡರೆ ಅದು 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವುದಕ್ಕಿಂತ ಹಿಂದಿನದು. ವರಹ, ಹಣ ಎಂಬ ಹಳೇ ನಾಣ್ಯಗಳ ಹೆಸರು ಕಂಡರೆ ಇನ್ನೂ ಹಿಂದೆ ಹೋಗಬೇಕು. ಸಂವತ್ಸರದ ಹೆಸರು ಸಿಕ್ಕಿತೆಂದು ಹಿಗ್ಗಬೇಡಿ, ಅದೇ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ನಿಮ್ಮೂರಿನ ಪಕ್ಕದಲ್ಲೇ ಕೆಳದಿಯ ವಸ್ತುಸಂಗ್ರಹಾಲಯವಿದೆ, ಹಸ್ತಪ್ರತಿಗಳ ಒಡನಾಟ ಇರುವ ಜಾಗ. ಮೊದಲು ಅಲ್ಲಿ ವಿಚಾರಿಸಿ.

ಪ್ರಶ್ನೆ: ಇಕ್ಕಳದಂತೆ ತೆರೆದು ಮುಚ್ಚುವ ಕಬ್ಬಿಣದ ಸಾಮಾನು. ಮುಚ್ಚಿದಾಗ ಬಾಯೊಳಗೆ ಗೋಲಿಯಷ್ಟು ದುಂಡನೆಯ ಟೊಳ್ಳು, ಮೇಲೆ ಒಂದು ಕಿರುತೂತು. ಅಡಕತ್ತರಿ ಅಂದುಕೊಂಡು ಅಡುಗೆಮನೆಯಲ್ಲಿ ಇಟ್ಟಿದ್ದೇವೆ. (ಮಡಿಕೇರಿಯ ಓದುಗರು)

ಉತ್ತರ: ಇವತ್ತೇ ಅಡುಗೆಮನೆಯಿಂದ ಹೊರಗಿಡಿ, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಅಡಕತ್ತರಿಗೆ ಅಲಗು ಇರಲೇಬೇಕು. ಇದರಲ್ಲಿ ಅಲಗೇ ಇಲ್ಲ. ಇದು ಕೋವಿಯ ಗುಂಡು ಎರೆಯುವ ಅಚ್ಚು. ಕಾಯಿಸಿದ ಸೀಸವನ್ನು ಮೇಲಿನ ತೂತಿನಿಂದ ಹೊಯ್ದು, ಗಟ್ಟಿಯಾದ ಮೇಲೆ ಇಕ್ಕಳ ತೆರೆದರೆ ಗುಂಡು ಉದುರುತ್ತಿತ್ತು. ಟೊಳ್ಳಿನಲ್ಲಿ ಬೂದುಬಣ್ಣದ ಪದರ ಇದ್ದರೆ ಅದು ಸೀಸ, ವಿಷ.

ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬುವ ಕೋವಿಗಳ ಕಾಲದ ಸಾಮಾನು ಇದು. 1861ರಿಂದಲೂ ಕೋವಿ ಪರವಾನಗಿಯ ವಿನಾಯಿತಿ ಇರುವ ನಿಮ್ಮ ಜಿಲ್ಲೆಯಲ್ಲಿ ಇಂಥ ಅಚ್ಚು ಸಿಗುವುದು ಸಹಜವೇ. ಹಾಗಂತ ಸೀಸ ಕಾಯಿಸಿ ಪ್ರಯೋಗ ಮಾಡಬೇಡಿ. ಟೊಳ್ಳಿನ ಅಡ್ಡಳತೆ ಅಳೆದು ಬರೆದಿಡಿ. ಮನೆಯಲ್ಲಿ ಹಳೇ ಕೋವಿ ಇದ್ದರೆ ಅದರ ನಳಿಗೆಯ ಅಳತೆಗೆ ಇದು ಹತ್ತಿರ ಬರಬೇಕು, ಕೂದಲೆಳೆ ಕಡಿಮೆಯೇ ಇರುತ್ತದೆ.

ಪ್ರಶ್ನೆ: ನವಿಲು ಕೆತ್ತಿರುವ ಮರದ ತುಂಡು. ಸೀರೆಗೆ ಬಣ್ಣ ಒತ್ತುವ ಅಚ್ಚು ಎಂದು ಹೇಳಿ ಮಾರಿದರು. ನಿಜವೇ? (ಬೆಂಗಳೂರಿನ ಓದುಗರು)

ಉತ್ತರ: ನವಿಲು ಉಬ್ಬಿದೆಯೋ, ತಗ್ಗಿದೆಯೋ ಬೆರಳಾಡಿಸಿ ನೋಡಿ. ಬಣ್ಣದ ಅಚ್ಚಿನಲ್ಲಿ ಚಿತ್ತಾರ ಉಬ್ಬಿರುತ್ತದೆ, ಹಿಂಬದಿಗೆ ಹಿಡಿ ಇರುತ್ತದೆ. ಚಿತ್ರದಲ್ಲಿ ನಿಮ್ಮದು ಒಳಗೆ ತೋಡಿದ ಕೆತ್ತನೆ, ಅಂಚಿನಲ್ಲಿ ಒಂದು ಕಾಲುವೆ. ಅದು ಸಂಕ್ರಾಂತಿಯ ಸಕ್ಕರೆ ಅಚ್ಚಿನ ಅರ್ಧ, ಜೊತೆಯ ಇನ್ನರ್ಧ ಕಳೆದುಹೋಗಿದೆ. ಅಚ್ಚನ್ನು ನೀರಲ್ಲಿ ನೆನೆಸಿ, ಎರಡನ್ನೂ ಜೋಡಿಸಿ ಬಿಗಿದು, ಆ ಕಾಲುವೆಯಿಂದ ಪಾಕ ಹೊಯ್ಯುವುದು. ನೆನೆಸದಿದ್ದರೆ ಸಕ್ಕರೆ ಮರಕ್ಕೆ ಕಚ್ಚುತ್ತದೆ. ಉತ್ತರ ಕರ್ನಾಟಕದ ಕಡೆಯಿಂದ ಬಂದದ್ದಾದರೆ ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯದೂ ಇರಬಹುದು. ಜೊತೆ ತಪ್ಪಿದ ಅರ್ಧಕ್ಕೆ ನೀವು ಎಷ್ಟು ಕೊಟ್ಟಿರಿ ಎಂದು ಬರೆದಿಲ್ಲ, ನಾನೂ ಕೇಳುವುದಿಲ್ಲ.

ಪ್ರಶ್ನೆ: ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆಗಳ ಗೊಂಚಲು. ಮಾಂಸ ತೂಗುಹಾಕುವುದೇ? (ತುಮಕೂರಿನ ಓದುಗರು)

ಉತ್ತರ: ಪಾತಾಳಗರಡಿ. ಬಾವಿಗೆ ಬಿದ್ದ ಬಿಂದಿಗೆ, ಕೊಡಗಳನ್ನು ಎತ್ತುವುದು. ಹಗ್ಗ ಕಟ್ಟಿ ತಳದವರೆಗೆ ಇಳಿಸಿ, ಅತ್ತಿತ್ತ ಆಡಿಸುತ್ತಾ ಇದ್ದರೆ ಯಾವುದೋ ಒಂದು ಕೊಕ್ಕೆ ಕೊಡದ ಕಂಠಕ್ಕೋ ಹಗ್ಗದ ಕುಣಿಕೆಗೋ ಸಿಕ್ಕಿಕೊಳ್ಳುತ್ತದೆ. ಮೊನೆ ಮೊಂಡಾಗಿದೆ ಎಂದು ಸಾಣೆ ಹಿಡಿಸಬೇಡಿ, ಅದು ಚುಚ್ಚುವ ಸಾಮಾನಲ್ಲ. ತುಕ್ಕಿಗೆ ಒಂದಿಷ್ಟು ಎಣ್ಣೆ ಸವರಿ, ಹಿತ್ತಲಲ್ಲಿ ಬಾವಿ ಇನ್ನೂ ಇದ್ದರೆ ಒಮ್ಮೆ ಇಳಿಸಿ ನೋಡಿ.