ಚಳಿಗಾಲದಲ್ಲಿ ಡರ್ವೆಂಟ್ ಡ್ಯಾಮ್ ಕಡೆ ಹಕ್ಕಿ ನೋಡಲು ಹೋಗಬಹುದಾ?

ಶೆಫೀಲ್ಡ್‌ಗೆ ಓದಲು ಬಂದಿದ್ದೀರಿ, ಊರಲ್ಲಿ ಗದಗ ಕಡೆಯ ಮಾಗಡಿ ಕೆರೆಯ ಹೆಬ್ಬಾತು ನೋಡಿ ಅಭ್ಯಾಸ. ಇಲ್ಲಿ ಇಂಗ್ಲೆಂಡಿನ ಚಳಿಯಲ್ಲಿ, ಪಕ್ಕದ ಬೆಟ್ಟಸೀಮೆ ಪೀಕ್ ಡಿಸ್ಟ್ರಿಕ್ಟ್‌ನ ಡ್ಯಾಮ್‌ಗಳಿಗೆ ಹೋದರೆ ಏನಾದರೂ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತದೆ. ಆದರೆ ಸುಮ್ನೆ ನೀರು ನೋಡುತ್ತಾ ಕೂರಬೇಡಿ.

ಹೌಡನ್, ಡರ್ವೆಂಟ್, ಲೇಡಿಬವರ್ ಮೂರೂ ಒಂದೇ ಕಣಿವೆಯಲ್ಲಿ ಸಾಲಾಗಿವೆ. ಹೌಡನ್ 1912ರದ್ದು, ಲೇಡಿಬವರ್ 1945ರದ್ದು. ನೀರು ಆಳ. ಬೆಟ್ಟದ ಪೀಟ್, ಅಂದರೆ ಗಿಡ ಕೊಳೆತು ಆದ ಕಪ್ಪು ಮಣ್ಣಿನಿಂದ ಸೋಸಿ ಬಂದದ್ದು, ಟೀ ಡಿಕಾಕ್ಷನ್ ಬಣ್ಣ. ಆ ಹುಳಿ ನೀರಿನಲ್ಲಿ ಬಾತುಗಳಿಗೆ ಮೇವು ಕಮ್ಮಿ. ನಮ್ಮ ಕಡೆ ಚಳಿಗಾಲ ಅಂದರೆ ಕೆರೆಗೆ ಹಕ್ಕಿ ಬರುವ ಕಾಲ, ಅಲ್ವಾ? ಇಲ್ಲಿಯ ಬೆಟ್ಟಕ್ಕೆ ಅದು ಹಕ್ಕಿ ಬಿಟ್ಟು ಹೋಗುವ ಕಾಲ. ಬೇಸಿಗೆಯಲ್ಲಿ ಮೇಲೆ ಮರಿ ಮಾಡುವ ಕರ್ಲ್ಯೂ, ಗೋಲ್ಡನ್ ಪ್ಲವರ್ ಅಷ್ಟರಲ್ಲಿ ಕರಾವಳಿಗೋ ತಗ್ಗಿನ ಹೊಲಗಳಿಗೋ ಇಳಿದಿರುತ್ತವೆ. ನೀರಿನ ಮೇಲೆ ಗೂಸ್ಯಾಂಡರ್, ಗೋಲ್ಡನ್‌ಐ ಬಾತುಗಳು ಸಿಕ್ಕಾವು. ಸಾವಿರಾರು ಬಾತು ಬೇಕು ಅಂದರೆ ಬಯಲಿನ ಕೆರೆಗಳಿಗೆ ಹೋಗಿ.

ಇಲ್ಲಿ ನಿಜವಾದ ಮಜಾ ದಡದ ಮರಗಳಲ್ಲಿದೆ. ಫೇರ್‌ಹೋಮ್ಸ್‌ನಿಂದ (ಡರ್ವೆಂಟ್ ಡ್ಯಾಮ್ ಕೆಳಗಿನ ಪಾರ್ಕಿಂಗ್ ಜಾಗ) ನಡೆಯುತ್ತಾ ಹೋಗಿ, ಪೈನ್ ಥರದ ಕೋನಿಫರ್ ಮರಗಳ ಕೆಳಗೆ ಕಿವಿಗೊಟ್ಟು ನಿಲ್ಲಿ. ತಲೆ ಮೇಲೆ 'ಜಿಪ್, ಜಿಪ್' ಸದ್ದು, ಜೊತೆಗೆ ಕಾಯಿಯ ಚಕ್ಕೆಗಳು ಉದುರತೊಡಗಿದರೆ ಅಲ್ಲಿ ಕ್ರಾಸ್‌ಬಿಲ್ ಇದೆ. ಗಂಡು ಇಟ್ಟಿಗೆ ಕೆಂಪು, ಹೆಣ್ಣು ಹಸಿರು. ಕೊಕ್ಕಿನ ತುದಿಗಳು ಒಂದರ ಮೇಲೊಂದು ಅಡ್ಡ ಹಾಯ್ದಿರುತ್ತವೆ. ಅದನ್ನು ಕಾಯಿಯ ಸಂದಿಗೆ ತೂರಿಸಿ, ಅಗಲ ಮಾಡಿ, ನಾಲಿಗೆಯಿಂದ ಬೀಜ ಎಳೆದುಕೊಳ್ಳುತ್ತದೆ. ಬೀಜ ಸಿಗುವ ಕಾಲ ಅಂತ ಕಡು ಚಳಿಯಲ್ಲೇ ಗೂಡು ಕಟ್ಟುವುದೂ ಉಂಟು. ಒಣ ಬೀಜ ತಿಂದು ಬಾಯಾರುವುದರಿಂದ ನೀರು ಕುಡಿಯಲು ಆಗಾಗ ಕೆಳಗಿಳಿಯುತ್ತದೆ. ಹಾಗಾಗಿ ದಾರಿಬದಿಯ ನೀರಿನ ಗುಂಡಿಗಳ ಮೇಲೂ ಕಣ್ಣಿಡಿ. ಡ್ಯಾಮ್ ಕೆಳಗಿನ ಹೊಳೆಯಲ್ಲಿ ಕಲ್ಲಿನ ಮೇಲೆ ಕುಣಿಯುವ ಡಿಪ್ಪರ್ ಹುಡುಕಿ. ಊರಿಗೆ ಚಳಿಗಾಲದ ಅತಿಥಿಯಾಗಿ ಬರುವ ಬೂದು ಸಿಪಿಲೆಯೂ ಅಲ್ಲೇ ಸಿಗಬಹುದು. ಇಲ್ಲಿ ಅದು ನಮ್ಮ ಹಾಗೆ ಹೊರಗಿನದಲ್ಲ, ಇಲ್ಲಿಯದೇ!

ಇನ್ನು ಮೇಲಿನ ಮರವಿಲ್ಲದ ಬೆಟ್ಟದ ಬಯಲು, ಮೂರ್‌ಲ್ಯಾಂಡ್. ಕಟ್‌ಥ್ರೋಟ್ ಬ್ರಿಡ್ಜ್ ಹತ್ತಿರದಿಂದ ಡರ್ವೆಂಟ್ ಎಡ್ಜ್‌ಗೆ ಹತ್ತಿದರೆ ಸಾಕು. ಹೀತರ್ ಅನ್ನೋ ಕುರುಚಲು ಪೊದೆಯಿಂದ ರೆಡ್ ಗ್ರೌಸ್ ಕಾಲಡಿಯೇ ಭರ್ರೆಂದು ಎದ್ದು 'ಗೋ ಬ್ಯಾಕ್, ಗೋ ಬ್ಯಾಕ್' ಅಂತ ಬೈಯುತ್ತಾ ಹೋಗುತ್ತದೆ. ಕಾಲ್ಬೆರಳಿನವರೆಗೂ ಗರಿ ಇರುವ ಹಕ್ಕಿ ಅದು, ಚಳಿಗೆ ಎಲ್ಲೂ ಹೋಗುವುದಿಲ್ಲ. ಬಿಳಿ ಬಣ್ಣಕ್ಕೆ ತಿರುಗಿದ ಬೆಟ್ಟದ ಮೊಲ ಕಂಡರೆ ನಿಮ್ಮ ಅದೃಷ್ಟ. ಈ ಬೆಟ್ಟಗಳನ್ನು ನೋಡಿ ಮನುಷ್ಯ ಮುಟ್ಟದ ಜಾಗ ಅಂದುಕೊಳ್ಳಬೇಡಿ. ಬಹಳ ಕಡೆ ಗ್ರೌಸ್ ಬೇಟೆಗೆಂದೇ ಹೀತರ್ ಸುಟ್ಟು ಚಿಗುರಿಸುತ್ತಾ ಬಂದಿದ್ದಾರೆ. ನನಗಂತೂ ಆ ಸುಟ್ಟ ಪಟ್ಟೆಗಳನ್ನು ಕಂಡರೆ ಆಗುವುದಿಲ್ಲ. ಬೇಟೆಯ ಸೀಸನ್ ಡಿಸೆಂಬರ್ 10ಕ್ಕೆ ಮುಗಿಯುತ್ತದೆ, ಆಮೇಲೆ ಹತ್ತುವುದು ನೆಮ್ಮದಿ.

ಒಂದೇ ಸಲ ಹೋಗುವುದಾದರೆ ಫೆಬ್ರವರಿ ಕೊನೆಗೆ, ಗಾಳಿ ಕಮ್ಮಿ ಇರುವ ಬಿಸಿಲ ಬೆಳಿಗ್ಗೆ ಹೋಗಿ. ಕಣಿವೆಯ ಮೇಲೆ ಗಾಸ್‌ಹಾಕ್ ಗಿಡುಗ ಬಾಲದಡಿಯ ಬಿಳಿ ಗರಿ ಉಬ್ಬಿಸಿಕೊಂಡು ಹಾರುವುದು ಆಗಲೇ. ಡಿಸೆಂಬರ್‌ನಲ್ಲಿ ಹೋದರೆ ಊಟ ಮುಗಿಸಿ ನಿಧಾನವಾಗಿ ಹೊರಡೋಣ ಅನ್ನಬೇಡಿ. 4 ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬೈನಾಕ್ಯುಲರ್ ಹಿಡಿದೂ ತಿರುಗಿಸಲು ಆಗುವಂಥ ತೆಳು ಗ್ಲೌಸ್ ತಗೊಳ್ಳಿ, ದಪ್ಪದ್ದು ಬೇಡ.