ಗೂಬೆಯ ರೆಕ್ಕೆಗೆ ಹೊಲಿಗೆ ಮೆಷಿನ್ ಬೇಡ

ನಿಮ್ಮ ಪ್ರಶ್ನೆ ಓದಿ ನಗು ಬಂತು. ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಗೂಬೆ. ನೀವು ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಎರಡೇ ತಿಂಗಳು, ಮೊದಲ ಹ್ಯಾಲೋವೀನ್ (ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ ಹಬ್ಬ), 4 ವರ್ಷದ ಮಗಳಿಗೆ ಗೂಬೆಯೇ ಆಗಬೇಕು, ಒಂದೂವರೆ ವರ್ಷದ ಮಗನಿಗೆ ಏನು ಹಾಕುವುದೋ ಗೊತ್ತಿಲ್ಲ, ಹೊಲಿಗೆ ಮೆಷಿನ್ ಇಲ್ಲ, ಅಂಗಡಿಯಲ್ಲಿ ಒಂದೊಂದು ಡ್ರೆಸ್‌ಗೂ 40 ಡಾಲರ್, ಮನೆಯಲ್ಲೇ ಆಗುತ್ತಾ ಅಂತ ಕೇಳಿದ್ದೀರಿ. ಆರಾಮಾಗಿ ಆಗುತ್ತದೆ. ಸೂಜಿ ದಾರ ಮತ್ತು ಬಿಸಿ ಅಂಟು ಹಾಕುವ ಒಂದು ಗ್ಲೂ ಗನ್ ಇದ್ದರೆ ಸಾಕು. ನನಗೆ ಒಟ್ಟು 19 ಡಾಲರ್ ಆಗಿತ್ತು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ನಮ್ಮ ತಲೆಯಲ್ಲಿ ವೇಷ ಅಂದರೆ ಶಾಲೆಯ ಛದ್ಮವೇಷ ಸ್ಪರ್ಧೆ ಅಲ್ವಾ? ಸ್ಟೇಜ್ ಮೇಲೆ ಎರಡು ನಿಮಿಷ ನಿಂತು, ಎರಡು ಸಾಲು ಹೇಳಿ ಇಳಿದರೆ ಮುಗಿಯಿತು. ಅದೇ ಲೆಕ್ಕದಲ್ಲಿ ನಾನು ಮೊದಲ ವರ್ಷ ಮಗನಿಗೆ ಡೈಪರ್ ಡಬ್ಬದಲ್ಲಿ ರೋಬೋ ಮಾಡಿದ್ದೆ. ಮೇಲೆಲ್ಲಾ ಅಲ್ಯೂಮಿನಿಯಂ ಫಾಯಿಲ್, ಬಾಟಲಿ ಮುಚ್ಚಳದ ಬಟನ್ನುಗಳು. ಮೂರು ರಾತ್ರಿ ಕೂತಿದ್ದೆ. ಮೊದಲ ಮನೆಯ ಮೆಟ್ಟಿಲ ಹತ್ತಿರ ಬಂದಾಗ ಅವನಿಗೆ ತನ್ನ ಕಾಲೇ ಕಾಣಿಸಲಿಲ್ಲ. ಎರಡನೇ ಮೆಟ್ಟಿಲಲ್ಲಿ ಮುಗ್ಗರಿಸಿದ. ಪುಣ್ಯಕ್ಕೆ ಡಬ್ಬ ಮುಂದಿತ್ತು, ಮುಖಕ್ಕೆ ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಡಬ್ಬ ನಮ್ಮ ಯಜಮಾನರ ಕಂಕುಳಲ್ಲಿ, ಮಗ ಬರೀ ಸ್ವೆಟರ್‌ನಲ್ಲಿ. ಒಬ್ಬ ಅಜ್ಜ ಡಬ್ಬಕ್ಕೂ ಒಂದು ಚಾಕೊಲೇಟ್ ಹಾಕಿದರು.

ಇದು ನಿಲ್ಲುವ ವೇಷ ಅಲ್ಲ, ನಡೆಯುವ ವೇಷ. ಒಂದು ಗಂಟೆ ನಡೆಯಬೇಕು, ಹತ್ತಿಪ್ಪತ್ತು ಮನೆಯ ಮೆಟ್ಟಿಲು ಹತ್ತಿ ಇಳಿಯಬೇಕು, ಕೈಯಲ್ಲಿ ಚೀಲ ಹಿಡಿಯಬೇಕು, ಮಧ್ಯದಲ್ಲಿ ‘ಅಮ್ಮಾ ಸುಸ್ಸು’ ಅಂದರೆ ಒಂದು ನಿಮಿಷದಲ್ಲಿ ಬಿಚ್ಚಲು ಬರಬೇಕು. ಅದರ ಮೇಲೆ ನಮ್ಮ ಊರಿನ ಚಳಿ. ಅಕ್ಟೋಬರ್ 31ಕ್ಕೆ ಇಲ್ಲಿ ಸಂಜೆ 6ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಇಲ್ಲಿನ ಹಳಬರನ್ನು ಕೇಳಿದರೆ 1991ರ ಹ್ಯಾಲೋವೀನ್ ಹಿಮದ ಕಥೆ ಶುರು ಮಾಡುತ್ತಾರೆ. ಆ ವರ್ಷ ಅವತ್ತೇ ಹಿಡಿದ ಹಿಮಬಿರುಗಾಳಿ ನವೆಂಬರ್ 3ರವರೆಗೆ ಬಿಡಲಿಲ್ಲ, ಈ ಊರಿನಲ್ಲಿ 28 ಇಂಚಿಗೂ ಜಾಸ್ತಿ ಬಿತ್ತು. ಅಷ್ಟು ಬರಲಿ ಅಂತಲ್ಲ. ಆದರೆ ಜಾಕೆಟ್ ಅಂತೂ ಬೇಕೇ ಬೇಕು. ಅಂಗಡಿಯ ತೆಳು ಡ್ರೆಸ್ ಹಾಕಿ ಅದರ ಮೇಲೆ ಜಾಕೆಟ್ ಏರಿಸಿದರೆ 40 ಡಾಲರ್‌ನ ವೇಷ ಯಾರಿಗೂ ಕಾಣುವುದಿಲ್ಲ.

ಅದಕ್ಕೇ ಒಂದು ದೊಡ್ಡ ಹುಡಿಯಿಂದ (hoodie, ಟೋಪಿ ಇರುವ ದಪ್ಪ ಅಂಗಿ) ಶುರು ಮಾಡಿ. ಮಗಳು 4ಟಿ (ಪುಟ್ಟ ಮಕ್ಕಳ 4ರ ಸೈಜ್) ಹಾಕುತ್ತಿದ್ದರೆ 6ರ ಸೈಜ್ ತಗೊಳ್ಳಿ, ಒಳಗೆ ಜಾಕೆಟ್ ಹಿಡಿಸಬೇಕು. ಕಂದು ಇಲ್ಲವೇ ಬೂದು ಬಣ್ಣ. ಗುಡ್‌ವಿಲ್‌ನಂಥ ಹಳೆ ಬಟ್ಟೆ ಅಂಗಡಿಯಲ್ಲಿ ಹುಡುಕಿ, ಸಿಗುತ್ತದೆ. ಹಳೆಯದಾದರೆ ಟೋಪಿಯಲ್ಲಿ ಲಾಡಿ ಇದೆಯಾ ನೋಡಿ, ಇದ್ದರೆ ಎಳೆದು ಬಿಸಾಕಿ. ಮಕ್ಕಳ ಕುತ್ತಿಗೆಯ ಹತ್ತಿರ ದಾರ, ಲಾಡಿ ಏನೂ ಬೇಡ.

ಈಗ ರೆಕ್ಕೆ. ಇದಕ್ಕೆ ಫೆಲ್ಟ್ ಬಟ್ಟೆಯಷ್ಟು (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ) ಒಳ್ಳೆಯದು ಬೇರೆ ಇಲ್ಲ. ಕತ್ತರಿಸಿದ ಅಂಚಿನಲ್ಲಿ ನೂಲು ಬಿಡುವುದಿಲ್ಲ, ಹಾಗಾಗಿ ಅಂಚು ಮಡಚಿ ಹೊಲಿಯುವ ಕೆಲಸವೇ ಇಲ್ಲ. ಜೋಆನ್ ಅಂತ ಯಾರಾದರೂ ಹೇಳಿದರೆ ಹುಡುಕಿಕೊಂಡು ಹೋಗಬೇಡಿ, 2025ರಲ್ಲಿ ಆ ಅಂಗಡಿಗಳೆಲ್ಲಾ ಮುಚ್ಚಿಹೋದವು. ಮೈಕಲ್ಸ್ ಅನ್ನುವ ಕರಕುಶಲ ಸಾಮಾನಿನ ಅಂಗಡಿಯಲ್ಲಿ 9 ಇಂಚು 12 ಇಂಚಿನ ಫೆಲ್ಟ್ ಹಾಳೆಗಳು ಸಿಗುತ್ತವೆ. ಗಾಢ ಕಂದು, ತಿಳಿ ಕಂದು, ಕೆನೆ ಬಣ್ಣ ಸೇರಿ 8 ಹಾಳೆ ತನ್ನಿ. ಕಣ್ಣಿಗೆ ಬಿಳಿ, ಹಳದಿ, ಕಪ್ಪು, ಕೊಕ್ಕಿಗೆ ಕಿತ್ತಳೆ, ಒಂದೊಂದು ಸಾಕು.

ಮಗಳ ಕೈ ಎರಡೂ ಕಡೆ ಚಾಚಿಸಿ, ಬೆನ್ನ ಮೇಲೆ ಕುತ್ತಿಗೆಯ ಬುಡದಿಂದ ಮಣಿಕಟ್ಟಿನವರೆಗೆ ಅಳತೆ ಹಿಡಿಯಿರಿ. ಈ ವಯಸ್ಸಿಗೆ 16-17 ಇಂಚು ಇರುತ್ತದೆ. ಹಳೆ ಕಾಟನ್ ಬೆಡ್‌ಶೀಟ್‌ನಲ್ಲಿ ಅಷ್ಟೇ ತ್ರಿಜ್ಯದ ಅರ್ಧ ವೃತ್ತ ಕತ್ತರಿಸಿ. ನೇರ ಅಂಚು ಮೇಲೆ, ಎರಡೂ ಕೈಗಳ ಉದ್ದಕ್ಕೆ. ಕೆಳಗಿನ ಅಂಚು ಮೊಣಕಾಲು ದಾಟಬಾರದು. ಇಲ್ಲಿ ಮನೆಗಳ ಮುಂದೆ ಮೆಟ್ಟಿಲ ಮೇಲೇ ಕುಂಬಳಕಾಯಿ ಇಟ್ಟು ಒಳಗೆ ನಿಜವಾದ ಮೇಣದ ಬತ್ತಿ ಹಚ್ಚುವವರು ಇನ್ನೂ ಇದ್ದಾರೆ. ನೆಲಕ್ಕೆ ಎಳೆಯುವ ಬಟ್ಟೆ, ಅಗಲ ತೋಳು, ನೆಟ್ ಲಂಗ ಇವೆಲ್ಲಾ ಆ ಬತ್ತಿಯ ಮಟ್ಟಕ್ಕೇ ಬರುತ್ತವೆ.

ಗರಿಗೆ ಸೀರಿಯಲ್ ಡಬ್ಬಿಯ ರಟ್ಟಿನಲ್ಲಿ ಒಂದು ಅಚ್ಚು ಮಾಡಿ. 2 ಇಂಚು ಅಗಲ, 3 ಇಂಚು ಉದ್ದ, ಕೆಳಗಡೆ ಗುಂಡಗೆ. ಒಂದು ಹಾಳೆಯಲ್ಲಿ 18 ಗರಿ ಬರುತ್ತದೆ. ಎರಡು ಹಾಳೆ ಒಟ್ಟಿಗೆ ಹಿಡಿದು ಕತ್ತರಿಸಿದರೆ ಬೇಗ ಆಗುತ್ತದೆ. ಮೂರು ಹಿಡಿದರೆ ಕತ್ತರಿ ಜಾರಿ ಒಂದೊಂದು ಒಂದೊಂದು ಥರ ಆಗುತ್ತದೆ, ಗೂಬೆಗೆ ಅದೂ ಚೆನ್ನಾಗಿಯೇ ಕಾಣುತ್ತದೆ ಬಿಡಿ. ಒಟ್ಟು 120 ಗರಿಯಾದರೂ ಬೇಕು.

ಅಂಟಿಸುವುದು ಹೆಂಚು ಹೊದಿಸಿದ ಹಾಗೆ. ಕೆಳಗಿನ ಸಾಲು ಮೊದಲು. ಅದರ ಮೇಲಿನ ಸಾಲು ಕೆಳಗಿನದರ ಮೇಲೆ ಒಂದು ಇಂಚು ಕೂರಬೇಕು, ಎರಡು ಗರಿಯ ಸಂದಿಯ ಮೇಲೆ ಒಂದು ಗರಿ ಬರಬೇಕು. ಗೋಂದು ಗರಿಯ ಮೇಲ್ತುದಿಗೆ ಮಾತ್ರ ಒಂದು ಗೆರೆ, ಕೆಳಗಡೆ ಬಿಡುವಾಗಿ ಇರಲಿ. ಓಡುವಾಗ ಅದು ಪಟಪಟ ಅಂತ ಅಲ್ಲಾಡಬೇಕು, ಅದೇ ಚಂದ. ನಾನು ಮೇಲಿನಿಂದ ಶುರು ಮಾಡಿ ಎರಡು ಸಾಲು ಕಿತ್ತಿದ್ದೇನೆ, ನೀವು ಮಾಡಬೇಡಿ.

ಗ್ಲೂ ಗನ್ ಕಡಿಮೆ ಬಿಸಿಯದ್ದು ತಗೊಳ್ಳಿ. ಫೆಲ್ಟ್ ತೆಳುವಾಗಿದ್ದರೆ ಬಿಸಿ ಅಂಟು ಆಚೆ ಕಡೆ ಒಸರುತ್ತದೆ. ಬೆರಳಲ್ಲಿ ಒತ್ತಿದಿರೋ, ಒಗ್ಗರಣೆ ಎಣ್ಣೆ ಸಿಡಿದದ್ದು ಏನೂ ಅಲ್ಲ ಅನ್ನಿಸುತ್ತದೆ. ಚಮಚದ ಹಿಂಭಾಗದಿಂದ ಒತ್ತಿ. ಮಕ್ಕಳು ಮಲಗಿದ ಮೇಲೆ ಈ ಕೆಲಸ.

ತಯಾರಾದ ರೆಕ್ಕೆಯನ್ನು ಹುಡಿಗೆ ಅಂಟಿಸಬೇಡಿ. ಕುತ್ತಿಗೆಯ ಹಿಂದೆ, ಎರಡು ಭುಜ, ಎರಡು ಮಣಿಕಟ್ಟು, ಐದು ಕಡೆ ಕೈಯಲ್ಲಿ ಟಾಕು ಹಾಕಿ. ನಾಳೆ ಬಿಚ್ಚಿದರೆ ಹುಡಿ ಹುಡಿಯಾಗಿಯೇ ಉಳಿಯುತ್ತದೆ. ಪಿನ್ನು ಬೇಡ, ಕಾರ್‌ನಲ್ಲಿ ಒತ್ತಿದರೆ ಬಾಯಿ ಬಿಡುತ್ತದೆ. ಅಂದ ಹಾಗೆ ಕಾರ್ ಸೀಟ್‌ನಲ್ಲಿ ಕೂರಿಸುವಾಗ ವೇಷ, ದಪ್ಪ ಜಾಕೆಟ್ ಎರಡೂ ಬಿಚ್ಚಿ ಬೆಲ್ಟ್ ಹಾಕಿ. ದಪ್ಪ ಬಟ್ಟೆಯ ಮೇಲೆ ಬಿಗಿ ಅನ್ನಿಸುವ ಬೆಲ್ಟ್ ನಿಜವಾಗಿ ಸಡಿಲ ಇರುತ್ತದೆ.

ಮುಖವಾಡದ ಬದಲು ಗೂಬೆಯ ಮುಖವನ್ನು ಟೋಪಿಯ ಮೇಲೇ ಮಾಡಿ. 3 ಇಂಚಿನ ಬಿಳಿ ವೃತ್ತ, ಅದರ ಮೇಲೆ 2 ಇಂಚಿನ ಹಳದಿ, ಮಧ್ಯೆ 1 ಇಂಚಿನ ಕಪ್ಪು. ಎರಡು ಕಣ್ಣಿನ ನಡುವೆ ಕಿತ್ತಳೆ ಕೊಕ್ಕು, ಮೇಲೆ ಎರಡು ಮೂಲೆಯಲ್ಲಿ ಚೂಪು ಕಿವಿ. ಮುಖವಾಡ ಹಾಕಿದರೆ ಪಕ್ಕದಿಂದ ಬರುವ ಕಾರು ಕಾಣುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ಮುಖವಾಡಕ್ಕೆ, ಆಟಿಕೆ ಕತ್ತಿಗೆ ಬಿಡುವುದೂ ಇಲ್ಲ. ನಿಮ್ಮ ಶಾಲೆಯ ನಿಯಮ ಒಂದು ಸಲ ಟೀಚರ್‌ಗೆ ಕೇಳಿಬಿಡಿ.

ಮುಖಕ್ಕೆ ಬಣ್ಣ ಬೇಕು ಅಂತ ಹಟ ಹಿಡಿದರೆ ಮಕ್ಕಳ ಫೇಸ್ ಪೇಂಟ್ ತಂದು ಹಿಂದಿನ ದಿನವೇ ತೋಳಿಗೆ ಚೂರು ಹಚ್ಚಿ ನೋಡಿ. ಊರಿಂದ ತಂದ ಕಾಡಿಗೆಯಲ್ಲಿ ಮೀಸೆ, ಹುಬ್ಬು ಬರೆಯಬೇಡಿ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ, ಇಲ್ಲಿನ ಎಫ್‌ಡಿಎ (ಸರ್ಕಾರದ ಆಹಾರ, ಔಷಧ ನಿಯಂತ್ರಣ ಸಂಸ್ಥೆ) ಅದಕ್ಕೆ ಒಪ್ಪಿಗೆಯನ್ನೇ ಕೊಟ್ಟಿಲ್ಲ. ಚಿಕ್ಕವರ ಕೈ ಬಾಯಿಗೇ ಹೋಗುತ್ತದಲ್ಲ.

ಇನ್ನು ಮಗನ ವಿಷಯ. ಗೂಬೆಯ ಜೊತೆಗೆ ಇಲಿ! ಬೂದು ಪ್ಯಾಂಟು, ಬೂದು ಹುಡಿ, ಟೋಪಿಗೆ ಎರಡು ದುಂಡು ಕಿವಿ ಹೊಲಿಯಿರಿ. ಬಾಲ 6 ಇಂಚಿಗಿಂತ ಉದ್ದ ಬೇಡ, ಇಲ್ಲದಿದ್ದರೆ ಅಕ್ಕನೇ ತುಳಿಯುತ್ತಾಳೆ. ಅರ್ಧ ಗಂಟೆಯ ಕೆಲಸ. ಈ ವಯಸ್ಸಿನವರು ಹೇರ್‌ಬ್ಯಾಂಡ್ ಹಾಕಿದರೆ ಎರಡು ನಿಮಿಷದಲ್ಲಿ ಕಿತ್ತೆಸೆಯುತ್ತಾರೆ, ಟೋಪಿಯಾದರೆ ಚಳಿಗೆ ಸುಮ್ನೆ ಇರುತ್ತಾರೆ. ಅಂಟಿಸುವ ಪುಟ್ಟ ಪ್ಲಾಸ್ಟಿಕ್ ಕಣ್ಣು, ಗುಂಡಿ, ಪಾಂಪಾಮ್ ಒಂದೂ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗ್ಲೋ ಸ್ಟಿಕ್ (ಒಳಗೆ ಹೊಳೆಯುವ ದ್ರವ ಇರುವ ಕಡ್ಡಿ) ಕೂಡ ಇವನ ಕೈಗೆ ಬೇಡ, ಕಚ್ಚಿ ಒಡೆಯುತ್ತಾರೆ.

ಬೆಳಕಿಗೆ ಇಬ್ಬರ ಬೆನ್ನಿಗೂ ಹೊಳೆಯುವ ರಿಫ್ಲೆಕ್ಟರ್ ಟೇಪ್ ಒಂದೊಂದು ಪಟ್ಟಿ, ನಿಮ್ಮ ಕೈಯಲ್ಲಿ ಟಾರ್ಚ್. ಬಟನ್ ಬ್ಯಾಟರಿಯ ಪುಟ್ಟ ದೀಪ ಹಾಕುವುದಾದರೆ ಸ್ಕ್ರೂ ಇರುವ ಮುಚ್ಚಳದ್ದೇ ಇರಲಿ, ಆ ಬ್ಯಾಟರಿ ನುಂಗಿದರೆ ಒಳಗೇ ಸುಡುತ್ತದೆ. ಚೀಲಕ್ಕೆ ದಿಂಬಿನ ಕವರ್ ಸಾಕು. ಮಕ್ಕಳಿಗೆ ಉದ್ದವಾದರೆ ಬಾಯಿಯ ಕಡೆ ಎರಡು ಮಡಿಕೆ ಹಾಕಿ.

ವೇಷವನ್ನು 31ರಂದು ಮೊದಲ ಸಲ ಹಾಕಬೇಡಿ. ಒಂದು ವಾರ ಮುಂಚೆಯೇ ಕೊಟ್ಟು ಮನೆಯಲ್ಲಿ ಓಡಾಡಲು ಬಿಡಿ. ಎಲ್ಲಿ ಚುಚ್ಚುತ್ತದೆ, ಎಲ್ಲಿ ಕಾಲಿಗೆ ಸಿಗುತ್ತದೆ ಅಂತ ಅವರೇ ಹೇಳುತ್ತಾರೆ. ನಮ್ಮವಳು ಹಾಗೇ ರೆಕ್ಕೆ ಹಾಕಿಕೊಂಡು ಅಜ್ಜಿಗೆ ವಿಡಿಯೋ ಕಾಲ್ ಮಾಡಿದಳು. ಅಮ್ಮ ಒಂದು ನಿಮಿಷ ಸುಮ್ನಿದ್ದು, ‘ಅಲ್ಲ ಕಣೇ, ಹೆಣ್ಣುಮಗುವಿಗೆ ಬೇರೆ ಹಕ್ಕಿ ಸಿಗಲಿಲ್ವಾ ನಿಂಗೆ? ನವಿಲು ಮಾಡಬಾರದಿತ್ತಾ?’ ಅಂದರು. ನಿಮ್ಮ ಮನೆಯಲ್ಲೂ ಈ ಮಾತು ಬರಬಹುದು, ಗೂಬೆ ನನ್ನ ಮೇಲೆ ಕೂರಿಸಿಬಿಡಿ.

ಗರಿಯ ಅಚ್ಚು ಇನ್ನೂ ನನ್ನ ಹತ್ತಿರ ಇದೆ. ಇವತ್ತು ರಾತ್ರಿ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ಹಾಕುತ್ತೇನೆ. ಇಲಿಯ ಕಿವಿಯದ್ದೂ ಬೇಕಾ ಹೇಳಿ.