ಕಯಾಕ್‌ಗೆ ತೇಗ ಬೇಡ

ಕಯಾಕ್, ಅಂದರೆ ಹುಟ್ಟು ಹಾಕಿ ಓಡಿಸುವ ಕಿರಿದಾದ ದೋಣಿಯನ್ನು ತೇಗದಲ್ಲಿ ಮಾಡಲಾ, ಹೊನ್ನೆಯಲ್ಲಿ ಮಾಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ.

ಆರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ತುಮಕೂರಿನ ಸಾಮಿಲ್‌ಗಳನ್ನೆಲ್ಲ ಸುತ್ತಿದ್ದೆ. ನೀರಿಗೆ ತೇಗ ಬಿಟ್ಟರೆ ಬೇರೆ ಇಲ್ಲ ಎಂದರು ಎಲ್ಲರೂ. ಸುಳ್ಳಲ್ಲ. ತೇಗದಲ್ಲಿ ಎಣ್ಣೆ ಇದೆ, ಬೇಗ ಕೊಳೆಯುವುದಿಲ್ಲ. ಆದರೆ ಆ ಎಣ್ಣೆಯೇ ನನ್ನ ದೋಣಿ ಕೆಡಿಸಿತು.

ಬಿಡಿಸಿ ಹೇಳುತ್ತೇನೆ, ನೀವು ಇದನ್ನೇ ಮಾಡುವುದು ಬೇಡ. ಉದ್ದನೆಯ ಮರದ ಪಟ್ಟಿಗಳನ್ನು ಅಂಟಿಸಿ ದೋಣಿ ಮಾಡಲು 6 ಮಿಮೀ ಪಟ್ಟಿ ಕೇಳಿದ್ದೆ, ಅಷ್ಟು ತೆಳು ಆಗಲ್ಲ ಎಂದು 10 ಮಿಮೀ ಸೀಳಿಕೊಟ್ಟರು. ಒಂದು ಶನಿವಾರ ಪಟ್ಟಿಗಳನ್ನೆಲ್ಲ ಉಜ್ಜಿ ನುಣುಪು ಮಾಡಿಟ್ಟೆ. ಕೆಲಸದ ಗಡಿಬಿಡಿಯಲ್ಲಿ ಎಂಟು ದಿನ ಹಾಗೇ ಬಿಟ್ಟು, ಮರುವಾರದ ಭಾನುವಾರ ಎಪಾಕ್ಸಿ ಅಂಟು ಹಚ್ಚಿ ಜೋಡಿಸಿದೆ. ತಪ್ಪಾಗಿದ್ದು ಆ ಎಂಟು ದಿನದಲ್ಲಿ. ಉಜ್ಜಿದ ಮೇಲೆ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಅಂಟು ಮರವನ್ನು ಹಿಡಿಯುವ ಬದಲು ಎಣ್ಣೆಯ ಮೇಲೆ ಕೂರುತ್ತದೆ. ಹಚ್ಚುವ ದಿನವೇ ಉಜ್ಜಬೇಕಿತ್ತು. ಎಣ್ಣೆ ತೆಗೆಯುವ ಅಸಿಟೋನ್ ದ್ರಾವಕದಲ್ಲಿ ಒರೆಸಿ, ಅದು ಆರಿದ ತಕ್ಷಣ ಅಂಟು ಹಚ್ಚಬೇಕಿತ್ತು. ಕೈಯಲ್ಲಿ ಎಳೆದು ನೋಡಿದಾಗ ಒಂದು ಪಟ್ಟಿಯೂ ಅಲುಗಲಿಲ್ಲ, ಅದನ್ನೇ ನಂಬಿದೆ. ಮಾರ್ಕೋನಹಳ್ಳಿ ಹಿನ್ನೀರಿನಲ್ಲಿ ಮೂರನೇ ಸಲ ಇಳಿಸಿದಾಗ ತಳದ ಜೋಡಣೆ ಉದ್ದಕ್ಕೂ ಬಾಯಿ ಬಿಟ್ಟಿತು. ಲೈಫ್ ಜಾಕೆಟ್ ಇತ್ತು, ಈಜಿ ದಡ ಸೇರಿದೆ. ಅವತ್ತು ಮಗನೂ ಬರುತ್ತೇನೆ ಎಂದು ಹಟ ಮಾಡಿದ್ದ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಭಾರ ಬೇರೆ. ತೇಗ ಘನ ಮೀಟರ್‌ಗೆ ಸುಮಾರು 650 ಕೆಜಿ ತೂಗುತ್ತದೆ, ಹೊನ್ನೆ ಇನ್ನೂ ಜಾಸ್ತಿ. ಹೊರದೇಶದವರು ಪಟ್ಟಿ ಕಯಾಕ್‌ಗೆ ಹಾಕುವ ಕೆಂಪು ಸೀಡರ್ ಎಂಬ ಹಗುರ ಮರ 370 ಕೆಜಿಯ ಆಸುಪಾಸು. ನನ್ನ ದೋಣಿ 41 ಕೆಜಿ ಆಗಿತ್ತು, ಎತ್ತಲು ಇಬ್ಬರು ಬೇಕು.

ನನ್ನ ಪ್ರಕಾರ ನೀರಿಗೆ ಕೊಳೆಯದ ಮರ ಹುಡುಕುವುದೇ ತಪ್ಪು. ಒಳಗೆ ಹೊರಗೆ ಎಪಾಕ್ಸಿ ಬಳಿದು, ಹೊರಮೈಗೆ ಫೈಬರ್ ಗ್ಲಾಸ್ ಬಟ್ಟೆ ಹಾಕಿದರೆ ನೀರು ಮರವನ್ನು ಮುಟ್ಟುವುದೇ ಇಲ್ಲ ಅಲ್ವಾ? ಮರ ಹಗುರ ಇರಬೇಕು, ಅಂಟು ಹಿಡಿಯಬೇಕು. ಅದಕ್ಕೆ 4 ಮಿಮೀ ಮರೀನ್ ಪ್ಲೈ, ಅಂದರೆ ನೀರಿನ ಬಳಕೆಗೆಂದೇ ಮಾಡುವ ಪ್ಲೈವುಡ್, ಸಾಕು. ಎರಡನೇ ದೋಣಿ ಅದರಲ್ಲೇ ಮಾಡಿದೆ, ಮೂರು ಹಾಳೆ, 24 ಕೆಜಿ, ಒಬ್ಬನೇ ಹೆಗಲ ಮೇಲೆ ಹೊರುತ್ತೇನೆ. ಹಾಳೆ ಎಂಟೇ ಅಡಿ, ದೋಣಿ ಅದಕ್ಕಿಂತ ಉದ್ದ, ಹಾಗಾಗಿ ತುದಿಗಳನ್ನು ದಪ್ಪದ ಎಂಟು ಪಟ್ಟು, ಅಂದರೆ 32 ಮಿಮೀ ಓರೆ ಕೆತ್ತಿ ಒಂದರ ಮೇಲೊಂದು ಅಂಟಿಸಿ. ತೇಗದ ಮೇಲೆ ಆಸೆ ಇದ್ದರೆ ಅಂಚಿನ ಪಟ್ಟಿಗೆ ಮಾತ್ರ ಹಾಕಿ, ಅಸಿಟೋನ್ ಮರೆಯಬೇಡಿ.

ಅಂಗಡಿಯಲ್ಲಿ ವಾಟರ್‌ಪ್ರೂಫ್ ಅಂತ ಸುಮ್ನೆ ಹೇಳಿ ಬೇರೆ ಪ್ಲೈ ಕೊಡುತ್ತಾರೆ. ಹಾಳೆಯ ಮೇಲೆ ಐಎಸ್ 710 ಮುದ್ರೆ ಇರಲೇಬೇಕು, ಅದು ಮರೀನ್ ಪ್ಲೈಗೆ ಇರುವ ಭಾರತೀಯ ಮಾನಕದ ಸಂಖ್ಯೆ. 303 ಇದ್ದರೆ ಅದು ಸಾಮಾನ್ಯ ಪ್ಲೈ, ಮರೀನ್ ಅಲ್ಲ. ಅಂಚಿನಲ್ಲಿ ತೂತು, ಸಂದು ಕಂಡರೆ ಬಿಟ್ಟುಬಿಡಿ. ಒಂದು ತುಂಡು ಮನೆಗೆ ತಂದು ದಿನವಿಡೀ ಕುದಿಸಿ, ಪದರ ಬಿಡದಿದ್ದರೆ ಮಾತ್ರ ಉಳಿದ ಹಾಳೆ ತನ್ನಿ.